ಹೆಸರು ಹೇಳದೆ ಹೋದವರಿಗೆ

ಕಳೆದ ವಾರ ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಆಟೋದಿಂದ ಇಳಿಯುವ ಗಡಿಬಿಡಿಯಲ್ಲಿ ನಾನು ಮರೆತ ಬಟ್ಟೆ ಚೀಲವನ್ನು, ಅದರೊಳಗಿನ ಬಿಲ್ ಪುಸ್ತಕದ ಮೇಲಿದ್ದ, ಎಂದೋ ಮುಚ್ಚಿಹೋದ ಲೇತ್ ಅಂಗಡಿಯ ವಿಳಾಸ ಹಿಡಿದು ವಿಚಾರಿಸುತ್ತ ಬಂದು, ನಮ್ಮ ಬೀದಿಯ ಕಿರಾಣಿ ಅಂಗಡಿಯಲ್ಲಿ ಕೊಟ್ಟುಹೋದ ಮಹನೀಯರಿಗೆ ಮನೆಯವರೆಲ್ಲರ ಕೃತಜ್ಞತೆಗಳು.

ಚೀಲದಲ್ಲಿ ಹಣವಿರಲಿಲ್ಲ. ಈಚೆಗೆ ತೀರಿಕೊಂಡ ನಮ್ಮ ತಂದೆಯವರ ನೌಕಾಪಡೆಯ ದಾಖಲೆಗಳು ಮತ್ತು 1971ರ ಯುದ್ಧದ ಪೂರ್ವ ರಂಗದ ಸೇವೆಗೆ ಸಿಕ್ಕ ಪೂರ್ವಿ ಸ್ಟಾರ್ ಪದಕವಿದ್ದವು. ಅಮ್ಮನ ಕುಟುಂಬ ಪಿಂಚಣಿಗಾಗಿ ಜೆರಾಕ್ಸ್ ಮಾಡಿಸಿ ತರುತ್ತಿದ್ದೆ. ಲೋಣಾವಳದ ನೌಕಾಪಡೆಯ ತರಬೇತಿ ಕೇಂದ್ರ ಐಎನ್‌ಎಸ್ ಶಿವಾಜಿಯಲ್ಲಿ ಎಂಜಿನ್ ಕೆಲಸ ಕಲಿತ ಅವರು 1971ರ ಯುದ್ಧದಲ್ಲಿ ವಿಮಾನವಾಹಕ ಹಡಗು ವಿಕ್ರಾಂತ್‌ನ ಬಾಯ್ಲರ್ ಕೋಣೆಯಲ್ಲಿದ್ದರು. ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಬಿರುಕು ಬಿಟ್ಟಿದ್ದರಿಂದ ಹಡಗು ಪೂರ್ಣ ವೇಗದಲ್ಲಿ ಓಡುವಂತಿರಲಿಲ್ಲ. ಆದರೂ ಡಿಸೆಂಬರ್ 4ರಂದು ಅದರ ಮೇಲಿಂದ ಹಾರಿದ ಸೀ ಹಾಕ್ ವಿಮಾನಗಳು ಆಗಿನ ಪೂರ್ವ ಪಾಕಿಸ್ತಾನದ ಕಾಕ್ಸ್ ಬಜಾರ್ ಮೇಲೆ ದಾಳಿ ನಡೆಸಿದವು. ಕೆಳಗಿದ್ದ ತಮಗೆ ಯುದ್ಧವೆಂದರೆ ಬರೀ ಸೆಕೆ ಮತ್ತು ಸದ್ದು ಎನ್ನುತ್ತಿದ್ದರು ಅಪ್ಪ.

ಸೇವೆ ಮುಗಿಸಿ ಊರಿಗೆ ಬಂದು ಲೇತ್ ಇಟ್ಟರು. ಅಕ್ಕಿ ಗಿರಣಿಯವರು, ಪಂಪ್‌ಸೆಟ್ ಹೊತ್ತು ತರುವ ರೈತರು ಅವರ ಗಿರಾಕಿಗಳು. ಕಡೆದ ಶಾಫ್ಟನ್ನು ಮೈಕ್ರೋಮೀಟರಿನಲ್ಲಿ ಅಳೆಯುವ ಮುನ್ನ ಹೆಬ್ಬೆರಳಿನ ಉಗುರನ್ನು ಅದರ ಮೇಲೆ ಮೆಲ್ಲಗೆ ಎಳೆಯುತ್ತಿದ್ದರು; ಉಗುರು ತಡವರಿಸಿದರೆ ಗಿರಾಕಿ ಎಷ್ಟೇ ಅವಸರಪಡಿಸಿದರೂ ಕೆಲಸ ಮತ್ತೆ ಮೊದಲಿಂದ. ವ್ಯಾಪಾರಕ್ಕೆ ಅದು ಒಳ್ಳೆಯದಾಗಿತ್ತೆಂದು ನಾನಂತೂ ಹೇಳಲಾರೆ.

ಪದಕವನ್ನು ತಾವು ಸುತ್ತಿಟ್ಟಿದ್ದ ಬಿಳಿ ಕರವಸ್ತ್ರ ನಮ್ಮದಲ್ಲ. ಅಮ್ಮ ಅದನ್ನು ಒಗೆದು, ಇಸ್ತ್ರಿ ಮಾಡಿ, ಅದೇ ಕಿರಾಣಿ ಅಂಗಡಿಯಲ್ಲಿ ಇಟ್ಟಿದ್ದಾರೆ.