ಗೇಮಿಂಗ್ ಪಂದ್ಯಕ್ಕೂ ತೀರ್ಪುಗಾರರು ಬೇಕು

ಮಾನ್ಯ ಸಂಪಾದಕರೆ,

ತುಮಕೂರಿನ ಕಾಲೇಜು ಫೆಸ್ಟ್‌ಗಳಲ್ಲಿ ಕಬಡ್ಡಿ, ವಾಲಿಬಾಲ್ ಜೊತೆಗೆ ಈಗ ಗುಂಡು ಹಾರಿಸುವ ಆಟಗಳಾದ ಬಿಜಿಎಂಐ (ಮೊಬೈಲ್‌ನದು), ವ್ಯಾಲರಂಟ್ (ಕಂಪ್ಯೂಟರ್‌ನದು) ಪಂದ್ಯಗಳೂ ಸೇರಿಕೊಂಡಿವೆ. ಕಬಡ್ಡಿಗಾದರೆ ಶೀಟಿ ಹಿಡಿದ ತೀರ್ಪುಗಾರರು ಇರುತ್ತಾರೆ. ಗೇಮಿಂಗ್ ಪಂದ್ಯಕ್ಕೆ ಮಾತ್ರ ರೂಮ್ ಐಡಿ (ಪಂದ್ಯಕ್ಕೆ ಸೇರುವ ಸಂಖ್ಯೆ) ಹಂಚುವ ಹುಡುಗನೊಬ್ಬ ಸಾಕು ಎಂಬ ಧೋರಣೆ. ಹ್ಯಾಕ್, ಅಂದರೆ ಮೋಸದ ತಂತ್ರಾಂಶ, ಹಾಕುವವರಿಗೆ ಇದೇ ಹಬ್ಬ.

ಒಬ್ಬನೇ ಕೂತು ಆಡುವ ಆಟದಲ್ಲಿ ಚೀಟ್ ಕೋಡ್ (ಆಟ ಸುಲಭವಾಗಿಸುವ ಗುಟ್ಟಿನ ಸಂಕೇತ) ಹಾಕಿಕೊಂಡರೆ ಯಾರ ಗಂಟೂ ಹೋಗದು. ಅಂಥ ಕೋಡ್‌ಗಳನ್ನು ಎಷ್ಟೋ ಸಲ ಆಟ ಬರೆದವರೇ ಇಟ್ಟಿರುತ್ತಾರೆ. ಎದುರಿಗೆ ಇನ್ನೊಬ್ಬ ಮನುಷ್ಯನಿದ್ದರೆ ಲೆಕ್ಕ ಬೇರೆ. ವಾಲ್‌ಹ್ಯಾಕ್ ಎಂದರೆ ಕಣ್ಣಾಮುಚ್ಚಾಲೆಯಲ್ಲಿ ಕಣ್ಣಿಗೆ ಕಟ್ಟಿದ ಪಟ್ಟಿಯ ಸಂದಿಯಿಂದ ಇಣುಕಿದ ಹಾಗೆ; ಗೋಡೆಯಾಚೆ ಇರುವ ಎದುರಾಳಿ ಕಾಣಿಸುತ್ತಾನೆ. ಗೋಡೆ ಮರೆಯಿಂದ ಎದುರಾಳಿ ಹೊರಬಂದ ಕೂಡಲೇ ಪರದೆಯಲ್ಲಿ ಮೂಡಬೇಕಲ್ಲ, ಅದಕ್ಕಾಗಿ ಅವನಿರುವ ಜಾಗವನ್ನು ಸರ್ವರ್ (ಆಟ ನಡೆಸುವ ಕಂಪನಿಯ ಕಂಪ್ಯೂಟರ್) ಮುಂಚೆಯೇ ಕಳಿಸಿರುತ್ತದೆ. ಅದನ್ನು ಮೆಮೊರಿಯಿಂದ ಕದ್ದು ಓದಿ ಪರದೆಯ ಮೇಲೆ ಅವನ ಸುತ್ತ ಚೌಕ ಬರೆಯುವುದೇ ಈ ತಂತ್ರಾಂಶದ ಕೆಲಸ. ವ್ಯಾಲರಂಟ್‌ನ ಸರ್ವರ್ ಎದುರಾಳಿ ಕಾಣಿಸಿಕೊಳ್ಳುವ ಹೊತ್ತು ಹತ್ತಿರವಾಗುವವರೆಗೆ ಈ ಮಾಹಿತಿಯನ್ನು ತಡೆಹಿಡಿಯುತ್ತದೆ. ಅಲ್ಲಿ ವಾಲ್‌ಹ್ಯಾಕ್‌ನ ಆಟ ಅಷ್ಟಾಗಿ ನಡೆಯದು.

2018ರ ಅಕ್ಟೋಬರ್‌ನಲ್ಲಿ ಶಾಂಘೈನಲ್ಲಿ ನಡೆದ ಕೌಂಟರ್ ಸ್ಟ್ರೈಕ್ (ಇದೂ ಗುಂಡು ಹಾರಿಸುವ ಆಟವೇ) ಪಂದ್ಯಾವಳಿಯಲ್ಲಿ ಆಪ್ಟಿಕ್ ಇಂಡಿಯಾ ತಂಡದ ಆಟಗಾರನೊಬ್ಬ ಪಂದ್ಯದ ನಡುವೆಯೇ ಸಿಕ್ಕಿಬಿದ್ದ. ಚೀಟ್ ಫೈಲ್‌ಗೆ ಇಟ್ಟಿದ್ದ ಹೆಸರು ‘ವರ್ಡ್’! ತಪಾಸಣೆಗೆ ಬಂದವರ ಕಣ್ಣೆದುರೇ ಅದನ್ನು ಅಳಿಸಲು ನೋಡಿದ. ಅವನಿಗೆ ಐದು ವರ್ಷ ನಿಷೇಧವಾಯಿತು; ತಪ್ಪು ಮಾಡದ ಉಳಿದ ನಾಲ್ವರ ತಂಡವೂ ಮುಚ್ಚಿಹೋಯಿತು. ಅನುಮಾನ ಬಂದರೆ ಮೊದಲು ಆಟಗಾರನ ಕೈ ಕೀಬೋರ್ಡ್‌ನಿಂದ ಆಚೆ ಬರಬೇಕು, ತಪಾಸಣೆ ಆಮೇಲೆ.

ಕಂಪ್ಯೂಟರ್ ಪಂದ್ಯವಾದರೆ ಆಯೋಜಕರ ಯಂತ್ರಗಳಲ್ಲೇ, ಅಡ್ಮಿನ್ ಅಧಿಕಾರವಿಲ್ಲದ (ಹೊಸ ತಂತ್ರಾಂಶ ಹಾಕಲು ಅನುಮತಿಯಿಲ್ಲದ) ಖಾತೆಯಲ್ಲಿ ಆಡಿಸಿ. ಪೆನ್‌ಡ್ರೈವ್ ಬೇಡ. ಮೊಬೈಲ್‌ನಲ್ಲಾದರೆ ಆಟವನ್ನು ತೆಗೆದು ಪ್ಲೇ ಸ್ಟೋರ್‌ನಿಂದ ಎದುರಿಗೇ ಮತ್ತೆ ಹಾಕಿಸಿ. ಬಳಿಕ ಸೆಟ್ಟಿಂಗ್ಸ್‌ನಲ್ಲಿ ಅಕ್ಸೆಸಿಬಿಲಿಟಿ (ಪರದೆಯನ್ನು ಓದುವ, ನಮ್ಮ ಬದಲು ಒತ್ತುವ ಅನುಮತಿ) ಮತ್ತು ಬೇರೆ ಆ್ಯಪ್‌ಗಳ ಮೇಲೆ ಚಿತ್ರ ತೋರಿಸುವ ಅನುಮತಿ ಯಾವ ಯಾವ ಆ್ಯಪ್‌ಗಿದೆ ಎಂದು ನೋಡಿ. ಸ್ಕ್ರೀನ್ ರೆಕಾರ್ಡಿಂಗ್ ಒಂದನ್ನೇ ನಂಬಬೇಡಿ. ರೆಕಾರ್ಡಿಂಗ್‌ನಲ್ಲಿ ಕಾಣದಂತೆ ಚೌಕ ಬರೆಯುವ ಹ್ಯಾಕ್‌ಗಳೂ ಇವೆ. ಆಟಗಾರರ ಬೆನ್ನ ಹಿಂದೆ ಒಬ್ಬರು ನಿಂತು ನೋಡಲೇಬೇಕು. ನೇರ ಪ್ರಸಾರವಿದ್ದರೆ ಮೂರರಿಂದ ಐದು ನಿಮಿಷ ತಡವಾಗಿ ಬಿಡಿ, ಇಲ್ಲದಿದ್ದರೆ ಹೊರಗಿನವರು ಅದನ್ನು ನೋಡಿ ಫೋನಿನಲ್ಲೇ ಸುಳಿವು ಕೊಡುತ್ತಾರೆ.

ಹಾಗಂತ ಚೆನ್ನಾಗಿ ಆಡಿದವರನ್ನೆಲ್ಲ ಕಳ್ಳರೆನ್ನುವುದೂ ತಪ್ಪು. ಒಳ್ಳೆಯ ಹೆಡ್‌ಫೋನ್ ಇದ್ದರೆ ಹೆಜ್ಜೆ ಸಪ್ಪಳದಿಂದಲೇ ಎದುರಾಳಿಯ ಜಾಗ ತಿಳಿಯುತ್ತದೆ. ಹೆಡ್‌ಶಾಟ್ (ತಲೆಗೆ ತಾಗಿದ ಗುಂಡು) ಸಂಖ್ಯೆ ಸಾಕ್ಷ್ಯವಲ್ಲ. ಸದ್ದೇ ಇಲ್ಲದ ಕಡೆ, ಗೋಡೆಯಾಚೆ ಚಲಿಸುವವನ ಜೊತೆಗೇ ಗುರಿಯೂ ಸರಿಯುತ್ತಿದ್ದರೆ, ಅದೂ ಹಲವು ಸುತ್ತುಗಳಲ್ಲಿ, ಆಗ ಅನುಮಾನಕ್ಕೆ ಬಲ ಬರುತ್ತದೆ.

ಪೋಷಕರಿಗೂ ಒಂದು ಮಾತು. ಟೆಲಿಗ್ರಾಂನಲ್ಲಿ ಪುಕ್ಕಟೆ ಸಿಗುವ ‘ಮಾಡ್ ಎಪಿಕೆ’ (ಬೇರೆಯವರು ತಿದ್ದಿ ಹಂಚುವ ಆಟದ ಆ್ಯಪ್) ಎಸ್‌ಎಂಎಸ್ ಓದಲು ಅನುಮತಿ ಕೇಳಿದರೆ ಒಟಿಪಿ ಕೈಬಿಟ್ಟಿತೆಂದೇ ಲೆಕ್ಕ. ಮನೆಯ ಯುಪಿಐ ಇರುವ ಫೋನಿನಲ್ಲಿ ಅದು ಬೇಡವೇ ಬೇಡ. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹ್ಯಾಕ್ ಬಳಸಿದರೆ ಏನು ಶಿಕ್ಷೆ, ಮೇಲ್ಮನವಿ ಯಾರಿಗೆ ಎಂಬುದನ್ನು ಪ್ರವೇಶ ಪತ್ರದಲ್ಲೇ ಅಚ್ಚು ಹಾಕಿಸಲಿ. ಬಹುಮಾನವನ್ನು ಅದೇ ಸಂಜೆ ಕೊಡುವ ಅವಸರವೇಕೆ? ದೂರುಗಳೆಲ್ಲ ಇತ್ಯರ್ಥವಾದ ಮೇಲೆ, ಎರಡು ದಿನ ಬಿಟ್ಟು ಕೊಟ್ಟರಾಯಿತು.

– ಗೇಮಿಂಗ್ ಪಂದ್ಯಗಳ ತೀರ್ಪುಗಾರರು, ತುಮಕೂರು