ಬೆಳಿಗ್ಗೆ 7.05ಕ್ಕೆ ಸುರುವಾದ ಪಕ್ಷವಾತ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ನಿಧನ ವಾರ್ತೆಗಳನ್ನು ನಾನು ದಿನಾ ಓದುತ್ತೇನೆ. 31 ವರ್ಷ ಒಂದನೇ ಕ್ಲಾಸಿಗೆ ಪಾಠ ಮಾಡಿದವಳು. ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಊರಿನ ಸುತ್ತಿನ ನಾಲ್ಕು ಗ್ರಾಮಗಳಲ್ಲಿ ಗುರುತಿಲ್ಲದ ಮನೆ ಕಡಿಮೆ. 'ಅಲ್ಪಕಾಲದ ಅಸೌಖ್ಯದಿಂದ' ಎಂದು ಬರೆದಿರುತ್ತದೆ. ಮನೆಗೆ ಹೋಗಿ ಮಾತಾಡಿಸಿದರೆ ಎಷ್ಟೋ ಸಲ ಅದು ಪಕ್ಷವಾತ. ಎಷ್ಟು ಗಂಟೆಗೆ ಸುರುವಾಯಿತು, ಆಸ್ಪತ್ರೆ ಮುಟ್ಟುವಾಗ ಎಷ್ಟಾಗಿತ್ತು ಎಂದು ಕೇಳಿದರೆ ಯಾರಿಗೂ ಸರಿಯಾಗಿ ಹೇಳಲಿಕ್ಕೆ ಬರುವುದಿಲ್ಲ. ಆ ಗಂಟೆಯ ಲೆಕ್ಕಕ್ಕಾಗಿಯೇ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಮನೆಯವರಿಗೆ ಆದದ್ದು ಎರಡು ವರ್ಷದ ಹಿಂದೆ, ಡಿಸೆಂಬರಿನಲ್ಲಿ. ಅಂಗಳದಲ್ಲಿ ಅಡಿಕೆ ಹರಡಿತ್ತು. ಅವರು ಜಗಲಿಯಲ್ಲಿ ಕೂತು ಚಾ ಕುಡಿಯುತ್ತಿದ್ದರು. ರೇಡಿಯೋದಲ್ಲಿ ಪ್ರದೇಶ ಸಮಾಚಾರ ಆಗಷ್ಟೇ ಸುರುವಾಗಿತ್ತು, ಹಾಗಾಗಿ ಹೊತ್ತು ನನಗೆ ಖಂಡಿತ ಗೊತ್ತು, 7.05. ಲೋಟ ಬಲಗೈಯಿಂದ ಜಾರಿ ಬಿತ್ತು. ನಾನು 'ಏನಾಯ್ತು' ಎಂದೆ. ಅವರು ಏನೋ ಹೇಳಿದರು, ಮಾತು ತೊದಲಿತು. ಬಾಯಿ ಒಂದು ಬದಿಗೆ ಜಾರಿತ್ತು.

ನಾವು ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಬೇರೆ ಮನೆಯವರು ಹಾಗೆ ಮಾಡಬಾರದು ಎಂಬ ಒಂದೇ ಆಸೆ. ಮೊದಲು ವಾಯು ಎಂದುಕೊಂಡೆವು. ಎಣ್ಣೆ ಬಿಸಿ ಮಾಡಿ ಕೈಗೆ ತಿಕ್ಕಿದೆ. ಪಕ್ಕದ ಮನೆಯವರು ಬಿಸಿ ಕಾಫಿ ಕೊಡಿ ಎಂದರು, ಕೊಟ್ಟೆ. ಅದು ಗಂಟಲಿಗೆ ಸಿಕ್ಕಿ ಅವರು ಕೆಮ್ಮಿದ ಕೆಮ್ಮು ಇವತ್ತಿಗೂ ನನ್ನ ಕಿವಿಯಲ್ಲಿದೆ. ಒಬ್ಬರು ಪಾರಿವಾಳದ ರಕ್ತ ಹಚ್ಚುವವರ ವಿಳಾಸ ಹೇಳಿದರು. ಅದಕ್ಕೆ ಮಾತ್ರ ನಾನು ಒಪ್ಪಲಿಲ್ಲ. ಬೆಂಗಳೂರಿನಲ್ಲಿರುವ ಮಗನಿಗೆ ಮೂರು ಸಲ ಫೋನ್ ಮಾಡಿದೆವು. ಅವನು ಎದ್ದಿರಲಿಲ್ಲ. ಅವನನ್ನು ಕೇಳದೆ ಹೇಗೆ ಹೊರಡುವುದು ಎಂದು ಕಾದೆವು. ನಮ್ಮ ಕಡೆ ಎಲ್ಲ ಮನೆಯಲ್ಲೂ ಹೀಗೇ ಅಲ್ವಾ? ಮಗ ಬೆಂಗಳೂರಲ್ಲೋ ದುಬೈಯಲ್ಲೋ ಇರುತ್ತಾನೆ, ತೀರ್ಮಾನ ಅವನು ಮಾಡಬೇಕು.

8.30ಕ್ಕೆ ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆವು. ಡಾಕ್ಟರು ಬಂದದ್ದು 9.15ಕ್ಕೆ. ಬಿಪಿ 200ಕ್ಕೆ 110 ಇತ್ತು. ಅಲ್ಲಿಂದ ಇನ್ನೊಂದು ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಹಾಸಿಗೆ ಸಿಕ್ಕಿತು, ಡ್ರಿಪ್ ಹಾಕಿದರು, ನಮಗೂ ಸಮಾಧಾನವಾಯಿತು. ಅಲ್ಲಿ ಸಿಟಿ ಸ್ಕ್ಯಾನ್ ಇಲ್ಲ ಎಂದು ಗೊತ್ತಾದದ್ದು 11 ಗಂಟೆಗೆ. ಮತ್ತೆ ಜೀಪು ಹತ್ತಿ ಉಪ್ಪಳ, ತಲಪಾಡಿ, ತೊಕ್ಕೊಟ್ಟು ದಾಟಿ ಮಂಗಳೂರು ಮುಟ್ಟುವಾಗ 12.20.

ಅಲ್ಲಿ ಗೇಟಿನಲ್ಲೇ ಸ್ಟ್ರೆಚರ್ ತಂದರು. ಚಿಕ್ಕ ಪ್ರಾಯದ ಡಾಕ್ಟರು ಒಂದೇ ಪ್ರಶ್ನೆ ಕೇಳಿದರು, 'ಸುರುವಾದದ್ದು ಎಷ್ಟು ಗಂಟೆಗೆ?' ನಾನು 7.05 ಎಂದೆ. ಅವರು ಗೋಡೆಯ ಗಡಿಯಾರ ನೋಡಿದರು. ಆಗಲೇ ನನಗೆ ಏನೋ ತಪ್ಪಿಹೋಯಿತು ಎಂದು ಅನ್ನಿಸಿತು.

ಏನು ತಪ್ಪಿತು ಎಂದು ಮರುದಿನ ಅವರೇ ಕೂರಿಸಿ ವಿವರಿಸಿದರು. ಪಕ್ಷವಾತದಲ್ಲಿ 100ರಲ್ಲಿ ಸುಮಾರು 85 ಮಂದಿಗೆ ಮೆದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿರುತ್ತದೆ. ಉಳಿದವರಿಗೆ ನಾಳ ಒಡೆದು ರಕ್ತ ಸೋರಿರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ. ಸಿಟಿ ಸ್ಕ್ಯಾನ್ ಮಾಡಿದರೆ ಮಾತ್ರ ಯಾವುದು ಎಂದು ಗೊತ್ತಾಗುತ್ತದೆ. ಹೆಪ್ಪು ಕಟ್ಟಿದ್ದಾದರೆ ಅದನ್ನು ಕರಗಿಸುವ ಇಂಜೆಕ್ಷನ್ ಇದೆ. ಹೊಸತೇನಲ್ಲ, ಅಮೆರಿಕದಲ್ಲಿ 1996ರಲ್ಲೇ ಇದಕ್ಕೆ ಒಪ್ಪಿಗೆ ಸಿಕ್ಕಿದೆ. ಸುರುವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಹೆಪ್ಪು ಕಟ್ಟಿದ ಮೇಲೆ ಒಂದೊಂದು ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವಂತೆ. 7.05ಕ್ಕೆ ನಾಲ್ಕೂವರೆ ಗಂಟೆ ಸೇರಿಸಿದರೆ 11.35. ನಾವು 45 ನಿಮಿಷ ತಡ. ದೊಡ್ಡ ರಕ್ತನಾಳ ಕಟ್ಟಿದ್ದರೆ ತೊಡೆಯ ಮೂಲಕ ತೆಳ್ಳಗಿನ ನಳಿಗೆ ಹಾಕಿ ಹೆಪ್ಪನ್ನು ಎಳೆದು ತೆಗೆಯಬಹುದು. ಕೆಲವರಿಗೆ 24 ಗಂಟೆಯವರೆಗೂ ಅದನ್ನು ಮಾಡುತ್ತಾರೆ. ಇವರದ್ದು ಒಳಗಿನ ಸಣ್ಣ ನಾಳ, ಆ ದಾರಿಯೂ ಇರಲಿಲ್ಲ.

ಆ 45 ನಿಮಿಷ ನಾನು ಇವತ್ತಿಗೂ ಹುಡುಕುತ್ತಿದ್ದೇನೆ. ಎಣ್ಣೆ ತಿಕ್ಕಿದ್ದರಲ್ಲಿ ಹೋಯಿತಾ, ಮಗನ ಫೋನಿಗೆ ಕಾದದ್ದರಲ್ಲಿ ಹೋಯಿತಾ, ಸಿಟಿ ಇಲ್ಲದ ಆಸ್ಪತ್ರೆಯಲ್ಲಿ ಹೋಯಿತಾ? ಮೂರರಲ್ಲಿ ಒಂದು ಇಲ್ಲದಿದ್ದರೂ ನಾವು ಹೊತ್ತಿಗೆ ಮುಟ್ಟುತ್ತಿದ್ದೆವು.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಜಾಸ್ತಿ ನೋವು ಕೊಡುತ್ತದೆ. ಇದಕ್ಕೆ 20 ದಿನದ ಮೊದಲು ತೋಟದಲ್ಲಿ ಹಗ್ಗ ಕಟ್ಟುವಾಗ ಅವರ ಬಲಗೈ ಹತ್ತು ನಿಮಿಷ ಜೋಮು ಹಿಡಿದಿತ್ತು. ಬೆರಳು ಮಡಚಲಿಕ್ಕೆ ಆಗಲಿಲ್ಲ. ಆಮೇಲೆ ತಾನಾಗಿಯೇ ಸರಿಯಾಯಿತು. ಮಧ್ಯಾಹ್ನ ಊಟಕ್ಕೆ ಕೂತಾಗ ಹೇಳಿದರು, ನಾನು 'ಮಲಗುವಾಗ ಕೈ ಅಡಿಗೆ ಬಿದ್ದಿರಬೇಕು' ಎಂದೆ. ಅದು ಸಣ್ಣ ಸ್ಟ್ರೋಕ್, ಅಂದರೆ ಸಣ್ಣ ಪಕ್ಷವಾತ. ಹೆಪ್ಪು ಬಂದು ತಾನೇ ಕರಗಿ ಹೋದದ್ದು. ದೊಡ್ಡದು ಬರಬಹುದು ಎಂದು ಕೊಟ್ಟ ಮುನ್ಸೂಚನೆ ಅದು. ಅದರ ನಂತರದ ಎರಡು ಮೂರು ದಿನ ಎಲ್ಲಕ್ಕಿಂತ ಅಪಾಯದ್ದು, ಮೂರು ತಿಂಗಳವರೆಗೂ ಹೆದರಿಕೆ ಇದೆ. ಅವತ್ತೇ ಡಾಕ್ಟರ ಹತ್ತಿರ ಹೋಗಿದ್ದರೆ ಪರೀಕ್ಷೆ ಮಾಡಿ ಔಷಧಿ ಸುರು ಮಾಡುತ್ತಿದ್ದರು. ಸರಿಯಾಯಿತಲ್ಲ ಎಂದು ಸುಮ್ನೆ ಕೂರಬಾರದಿತ್ತು.

ಬಿಪಿ ಮಾತ್ರೆಯ ಕತೆಯೂ ಹಾಗೇ. ಪಂಚಾಯತಿನ ಆರೋಗ್ಯ ಕೇಂದ್ರದಲ್ಲಿ ತಿಂಗಳು ತಿಂಗಳು ದುಡ್ಡಿಲ್ಲದೆ ಕೊಡುತ್ತಿದ್ದರು. ಒಂದು ಸಲ ನೋಡಿದಾಗ 130ಕ್ಕೆ 80 ಬಂತು. 'ನಾರ್ಮಲ್ ಆಯ್ತಲ್ಲ, ಇನ್ನು ಯಾಕೆ' ಎಂದು ಬಿಟ್ಟರು. ಮಾತ್ರೆ ತಿಂದದ್ದಕ್ಕೇ ಅದು ನಾರ್ಮಲ್ ಬಂದದ್ದು. ಮೂರು ತಿಂಗಳು ತಿನ್ನಲಿಲ್ಲ. ತಲೆನೋವಿಲ್ಲ, ತಲೆಸುತ್ತಿಲ್ಲ, ತೋಟದ ಕೆಲಸ ಆರಾಮವಾಗಿ ಮಾಡುತ್ತಿದ್ದರು. ಪಕ್ಷವಾತದ ಕಾರಣಗಳಲ್ಲಿ ಬಿಪಿಯೇ ಎಲ್ಲಕ್ಕಿಂತ ದೊಡ್ಡದು, ಅದು ಸದ್ದೇ ಮಾಡುವುದಿಲ್ಲ. ಶುಗರ್, ಬೀಡಿ ಸಿಗರೇಟು, ಕುಡಿತ, ಏರುಪೇರಾಗಿ ಬಡಿಯುವ ಹೃದಯ, ಇವೆಲ್ಲ ಅದರ ಜತೆಗೆ ಸೇರುತ್ತವೆ.

ಉಪ್ಪಿನ ವಿಷಯ ಹೆಂಗಸರಿಗೆ ಹೇಳಲೇಬೇಕು. ದಿನಕ್ಕೆ ಒಬ್ಬರಿಗೆ 5 ಗ್ರಾಮಿಗಿಂತ ಕಡಿಮೆ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಒಂದು ಚಾ ಚಮಚ, ಸಾಂಬಾರು, ಮಜ್ಜಿಗೆ, ಪಲ್ಯ ಎಲ್ಲ ಸೇರಿ. ನಮ್ಮ ಮನೆಯಲ್ಲಿ ಮಳೆಗಾಲವಿಡೀ ಭರಣಿಯ ಉಪ್ಪುಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ತೊಳೆ), ಮಿಡಿ ಉಪ್ಪಿನಕಾಯಿ, ಹಪ್ಪಳ. ಪಕ್ಕದ ಮನೆಗಳಲ್ಲಿ ಒಣಮೀನು. ಸೊಳೆಯನ್ನು ಎಷ್ಟು ನೀರಿನಲ್ಲಿ ಹಾಕಿ ಹಿಂಡಿದರೂ ಉಪ್ಪು ಪೂರ್ತಿ ಹೋಗುವುದಿಲ್ಲ. ಈಗ ನಾನು ಸೊಳೆಯನ್ನು ಉಪ್ಪಿನಲ್ಲಿ ಹಾಕುವುದೇ ಬಿಟ್ಟಿದ್ದೇನೆ. ಬೇಯಿಸಿ ಒಣಗಿಸಿ ಇಡುತ್ತೇನೆ.

ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದೆವು. ನುಂಗಲಿಕ್ಕೆ ಬರುತ್ತದಾ ಎಂದು ಪರೀಕ್ಷೆ ಮಾಡದೆ ಒಂದು ಗುಟುಕು ನೀರನ್ನೂ ಕೊಡಲಿಲ್ಲ. ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ ಆಗುತ್ತದೆ ಎಂದು ನರ್ಸ್ ಹೇಳಿದಾಗ ನನಗೆ ಆ ಕಾಫಿ ನೆನಪಾಯಿತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರು. ಎರಡನೇ ದಿನವೇ ಎಬ್ಬಿಸಿ ಕೂರಿಸಿದರು. ಊರಿಗೆ ಬಂದ ಮೇಲೆ ಪಂಚಾಯತಿನ ಪಾಲಿಯೇಟಿವ್ (ಹಾಸಿಗೆ ಹಿಡಿದವರ ಆರೈಕೆಯ) ನರ್ಸ್ ಮನೆಗೇ ಬರುತ್ತಿದ್ದರು. ಕೇರಳದ ಈ ವ್ಯವಸ್ಥೆಗೆ ನಾನು ಕೈ ಮುಗಿಯುತ್ತೇನೆ.

ಆದರೆ ಮನೆಯಲ್ಲಿ ಮಾಡಬೇಕಾದ ವ್ಯಾಯಾಮದ ಹಾಳೆ, ಮಾತು ಕಲಿಸುವ ಹಾಳೆ ಎರಡೂ ಮಲಯಾಳದಲ್ಲಿ ಇದ್ದವು. ಇವರಿಗೆ ಮಲಯಾಳ ಓದಲಿಕ್ಕೆ ಬರುವುದಿಲ್ಲ. ಮಾತೇ ಕಳೆದುಕೊಂಡವರಿಗೆ ಗೊತ್ತಿಲ್ಲದ ಲಿಪಿಯಲ್ಲಿ ಮಾತು ಕಲಿಸುವುದು ಹೇಗೆ? ಅಟ್ಟದಲ್ಲಿದ್ದ ನನ್ನ ಹಳೆಯ ಪೆಟ್ಟಿಗೆ ಇಳಿಸಿದೆ. ಮಕ್ಕಳಿಗಾಗಿ ಕತ್ತರಿಸಿಟ್ಟ ರಟ್ಟಿನ ಕಾರ್ಡುಗಳು ಅದರಲ್ಲಿದ್ದವು. ಅ ಅಡಿಕೆ, ಆ ಆಡು, ಇ ಇಲಿ. ಒಂದನೇ ಕ್ಲಾಸಿನ ಮಕ್ಕಳ ಮುಂದೆ ಹಿಡಿದ ಕಾರ್ಡನ್ನು 66 ವರ್ಷದ ಗಂಡನ ಮುಂದೆ ಹಿಡಿದೆ. ಮೂರನೇ ವಾರ 'ಅಡಿಕೆ' ಎಂದರು. ಪೂರ್ತಿ, ಸ್ಪಷ್ಟವಾಗಿ. ನಾನು ಒಳಗೆ ಹೋಗಿ ಅತ್ತುಬಿಟ್ಟೆ.

ಇನ್ನೊಂದು ಮನೆಯ ಸಂಗತಿ ಹೇಳುತ್ತೇನೆ. ಕಳೆದ ವರ್ಷ ನಮ್ಮ ಕೆಳಗಿನ ಮನೆಯ ಹೆಂಗಸು ಮಧ್ಯಾಹ್ನ ಬೀಡಿ ಕಟ್ಟುತ್ತಿದ್ದರು. ಕೈಯಿಂದ ಎಲೆ ಜಾರಿತು, ಮುಖ ವಾರೆಯಾಯಿತು. ಮಗಳು ಓಡಿ ಬಂದು ನನ್ನನ್ನು ಕರೆದಳು. ನಗಲಿಕ್ಕೆ ಹೇಳಿದೆ, ಎರಡು ಕೈ ಎತ್ತಲಿಕ್ಕೆ ಹೇಳಿದೆ, ಹೆಸರು ಹೇಳಲಿಕ್ಕೆ ಹೇಳಿದೆ. ಮೂರೂ ಆಗಲಿಲ್ಲ. 2.10 ಎಂದು ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಂಡೆ. ಯಾವ ಆಸ್ಪತ್ರೆಗೆ ಹೋಗಬೇಕು ಎಂದು ನನಗೆ ಗೊತ್ತಿತ್ತು. ದಾರಿಯಲ್ಲೇ ಫೋನ್ ಮಾಡಿ ಹೇಳಿದೆವು. 4 ಗಂಟೆಗೆ ಮೊದಲೇ ಇಂಜೆಕ್ಷನ್ ಕೊಟ್ಟಾಗಿತ್ತು. ಇವತ್ತು ಅವರು ನಡೆದೇ ಡಿಪೋಗೆ ಹೋಗಿ ಬೀಡಿ ಕೊಟ್ಟು ಬರುತ್ತಾರೆ. ಎಲ್ಲರಿಗೂ ಹೀಗೆ ಗುಣವಾಗುತ್ತದೆ ಎಂದು ನಾನು ಹೇಳುವುದಿಲ್ಲ. ಆ ಇಂಜೆಕ್ಷನಿನಿಂದ 100ರಲ್ಲಿ ಕೆಲವರಿಗೆ ಮೆದುಳಿನಲ್ಲಿ ರಕ್ತ ಸೋರುವ ಅಪಾಯವೂ ಇದೆ, ಅದಕ್ಕೇ ಮನೆಯವರ ಸಹಿ ಕೇಳುತ್ತಾರೆ. ಆದರೆ ಬಾಗಿಲು ತೆರೆದಿರುವಾಗ ಅಲ್ಲಿಗೆ ಮುಟ್ಟಿದರಲ್ಲ, ನಾವು ಮುಟ್ಟಲಿಲ್ಲ. ನನ್ನ ಗಂಡನ ಬಲಗೈ ಈಗಲೂ ಎದ್ದಿಲ್ಲ.

ಅಂಥ ಹೊತ್ತಿನಲ್ಲಿ ಕೊಡಬಾರದ್ದೂ ಕೆಲವು ಇವೆ. ತಿನ್ನಲಿಕ್ಕೆ, ಕುಡಿಯಲಿಕ್ಕೆ ಏನೂ ಬೇಡ. ಸ್ಕ್ಯಾನ್ ಆಗುವ ಮೊದಲು ಮನೆಯಲ್ಲೇ ಆಸ್ಪಿರಿನ್ ಕೊಡಬೇಡಿ, ರಕ್ತ ಸೋರಿದ್ದಾದರೆ ಅದು ಕೆಡುಕು. ಬಿಪಿ ಜಾಸ್ತಿ ಇದೆ ಎಂದು ಎರಡು ಮಾತ್ರೆ ಒಟ್ಟಿಗೆ ನುಂಗಿಸಬೇಡಿ. ಒಮ್ಮೆಗೇ ಬಿಪಿ ಇಳಿದರೆ ಮೆದುಳಿಗೆ ಹೋಗುವ ರಕ್ತ ಇನ್ನೂ ಕಡಿಮೆಯಾಗುತ್ತದೆ. ನಿದ್ದೆಯಿಂದ ಏಳುವಾಗಲೇ ಕೈ ಬಿದ್ದಿದ್ದರೆ, ರಾತ್ರಿ ಎಷ್ಟು ಗಂಟೆಗೆ ಸರಿ ಇದ್ದರು ಎಂದು ನೆನಪು ಮಾಡಿ ಹೇಳಿ.

ನಮ್ಮ ಮಂಜೇಶ್ವರ ತಾಲೂಕಿನವರು ಕಾಯಿಲೆ ದೊಡ್ಡದಾದರೆ ಮಂಗಳೂರಿಗೇ ಓಡುವವರು. 2020ರ ಮಾರ್ಚ್ ಕೊನೆಗೆ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿದಾಗ ರೋಗಿಗಳು ಪಟ್ಟ ಕಷ್ಟ ಯಾರಿಗೂ ಮರೆತಿಲ್ಲ. 2013ರಲ್ಲಿ ಶಿಲಾನ್ಯಾಸವಾದ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಆ ಏಪ್ರಿಲಿನಲ್ಲಿ ಕೋವಿಡ್ ಆಸ್ಪತ್ರೆಯಾಗಿ ತೆರೆಯಿತು. ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಪಕ್ಷವಾತಕ್ಕೆ ಚಿಕಿತ್ಸೆ ಸಿಗಬೇಕೆಂದು ಕೇರಳ ಸರ್ಕಾರಕ್ಕೆ 'ಶಿರಸ್' ಎಂಬ ಯೋಜನೆಯೂ ಇದೆ. ಒಳ್ಳೆಯದೇ. ಆದರೆ ರಾತ್ರಿ 2 ಗಂಟೆಗೆ ಪೈವಳಿಕೆಯಲ್ಲೋ ಬಾಯಾರಿನಲ್ಲೋ ಒಬ್ಬರ ಕೈ ಬಿದ್ದರೆ ಜೀಪನ್ನು ಯಾವ ಕಡೆ ತಿರುಗಿಸಬೇಕು? ಅದು ಮನೆಯವರಿಗೆ ಗೊತ್ತಿಲ್ಲ, ಜೀಪಿನವರಿಗೂ ಗೊತ್ತಿಲ್ಲ.

ಹಾಗಾಗಿ ಆರೋಗ್ಯ ಇಲಾಖೆಯಲ್ಲಿ, ಪಂಚಾಯತಿನಲ್ಲಿ ನನ್ನ ಬೇಡಿಕೆ ಒಂದೇ. ಪ್ರತಿ ಆರೋಗ್ಯ ಕೇಂದ್ರ, ರೇಶನ್ ಅಂಗಡಿ, ಹಾಲಿನ ಸೊಸೈಟಿ, ಜೀಪು ಸ್ಟ್ಯಾಂಡಿನಲ್ಲಿ ಒಂದು ಬೋರ್ಡು ಹಾಕಿ. ಮಲಯಾಳದಲ್ಲಿ ಇರಲಿ, ಕನ್ನಡದಲ್ಲೂ ಇರಲಿ. ಮುಖ, ಕೈ, ಮಾತು, ಗಂಟೆ, ಈ ನಾಲ್ಕು ಮಾತು ದೊಡ್ಡದಾಗಿ ಬರೆಯಿರಿ. ಅದರ ಕೆಳಗೆ, ಹಗಲು ರಾತ್ರಿ ಸಿಟಿ ಸ್ಕ್ಯಾನೂ ಈ ಇಂಜೆಕ್ಷನೂ ಎರಡೂ ಇರುವ ಹತ್ತಿರದ ಆಸ್ಪತ್ರೆ ಯಾವುದು, ಎಷ್ಟು ದೂರ, ಫೋನ್ ನಂಬರ್ ಏನು ಎಂದು ಹಾಕಿ. ಗಡಿಯ ಆಚೆಗಿನದ್ದಾದರೂ ಬರೆಯಿರಿ. ಆರು ತಿಂಗಳಿಗೊಮ್ಮೆ ನೋಡಿ ತಿದ್ದಿ. ಆಸ್ಪತ್ರೆ ಕೊಡುವ ವ್ಯಾಯಾಮದ ಹಾಳೆಗಳನ್ನೂ ಕನ್ನಡದಲ್ಲಿ ಅಚ್ಚು ಹಾಕಿಸಿ. ಅಕ್ಟೋಬರ್ 29 ವಿಶ್ವ ಪಕ್ಷವಾತ ದಿನ. ಆ ದಿನಕ್ಕೆ ಮೊದಲು ಇಷ್ಟಾದರೂ ಆಗಲಿ.

ಸಂಪಾದಕರೇ, ಆ ನಾಲ್ಕು ಮಾತನ್ನು ನಿಮ್ಮ ಪತ್ರಿಕೆಯಲ್ಲಿ ಆಗಾಗ ಒಂದು ಸಣ್ಣ ಚೌಕದಲ್ಲಿ ಹಾಕುತ್ತೀರಾ? ಜನ ಕತ್ತರಿಸಿ ಕ್ಯಾಲೆಂಡರಿಗೆ ಅಂಟಿಸಿಕೊಳ್ಳುತ್ತಾರೆ. ನಮ್ಮ ವಾರ್ಡಿನ ಬೋರ್ಡಿನ ಖರ್ಚು ನನ್ನ ಪೆನ್ಶನ್ನಿನಿಂದ ಕೊಡುತ್ತೇನೆ, ನನ್ನ ಹೆಸರು ಹಾಕುವುದು ಬೇಡ. ಕನ್ನಡದ ಅಕ್ಷರ ನಾನೇ ಬರೆದು ಕೊಡುತ್ತೇನೆ. ಆಸ್ಪತ್ರೆಯ ಹೆಸರು ಮತ್ತು ನಂಬರ್ ಮಾತ್ರ ಇಲಾಖೆಯಿಂದ ಬರಬೇಕು.

ಒಬ್ಬ ನಿವೃತ್ತ ಶಿಕ್ಷಕಿ
ಪೈವಳಿಕೆ, ಮಂಜೇಶ್ವರ ತಾಲೂಕು