ಉಗುರು ಬೆಚ್ಚಗಿನ ಅನ್ನ

ಮಾನ್ಯ ಸಂಪಾದಕರೇ,

ಹೋದ ಭಾನುವಾರ ನೆಂಟರ ಮನೆಯಲ್ಲಿ ಊಟವಿತ್ತು. ಹೊರಗೆ ಬಿಸಿಲಲ್ಲೇ ಮೇಜು ಹಾಕಿದ್ದರು. ಅಡುಗೆ 11ಕ್ಕೇ ಆಗಿತ್ತಂತೆ, ಬಡಿಸಲು ಶುರುಮಾಡಿದ್ದು 2 ದಾಟಿದ ಮೇಲೆ. ಅನ್ನದ ಪಾತ್ರೆಯ ಮುಚ್ಚಳ ತೆಗೆದೆ. ಅದರಿಂದ ಒಂದು ಹನಿ ಕೈ ಮೇಲೆ ಬಿತ್ತು. ಉಗುರು ಬೆಚ್ಚಗಿತ್ತು. ವರ್ಷಗಟ್ಟಲೆ ಕ್ಯಾಂಟೀನಿನಲ್ಲಿ ಅಡುಗೆ ಮಾಡಿದವಳು ನಾನು. ಹಬೆಯಾಡುವ ಅಡುಗೆಗೆ ಹೆದರುವುದಿಲ್ಲ, ಈ ಬೆಚ್ಚಗಿನದಕ್ಕೆ ಹೆದರುತ್ತೇನೆ.

5ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾಗಳಿಗೆ ಹಬ್ಬ. ಕೆಲವು 20 ನಿಮಿಷದಲ್ಲೇ ಇಮ್ಮಡಿಯಾಗುತ್ತವೆ. ಸಾಧಾರಣ ದಿನಗಳಲ್ಲಿ ಅಡುಗೆ ಹೊರಗಿಡಲು 2 ಗಂಟೆ ಮಿತಿ. ಸೆಕೆ 32 ಡಿಗ್ರಿ ದಾಟಿದರೆ 1 ಗಂಟೆ, ಅಷ್ಟೇ.

‘ಇನ್ನೊಮ್ಮೆ ಬಿಸಿ ಮಾಡಿದ್ರೆ ಆಯ್ತು, ಅಲ್ವಾ?’ ಅಂದರು ನೆಂಟರು. ಆಗಲ್ಲ. ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಬ್ಯಾಕ್ಟೀರಿಯಾ ಇದೆ. ಅಕ್ಕಿ ಬೆಂದರೂ ಅದರ ಬೀಜಕಣಗಳು ಉಳಿದುಕೊಳ್ಳುತ್ತವೆ. ಅನ್ನ ಬೆಚ್ಚಗೆ ಕೂತರೆ ಅವು ಬೆಳೆದು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಮೂಸಿ ನೋಡಿದರೂ ಗೊತ್ತಾಗುವುದಿಲ್ಲ.

ಕಷ್ಟದ ಕೆಲಸವೇನಲ್ಲ ಇದು. ಸ್ವಲ್ಪ ಸ್ವಲ್ಪವೇ ಹೊರಗೆ ತನ್ನಿ, ಉಳಿದದ್ದು ಒಲೆ ಮೇಲೆ ಬಿಸಿಬಿಸಿಯಾಗೋ ಫ್ರಿಜ್ಜಲ್ಲೋ ಇರಲಿ. ಮಿಕ್ಕಿದ್ದನ್ನು ಅಗಲದ ತಟ್ಟೆಗೆ ತೆಳ್ಳಗೆ ಹರಡಿ ಬೇಗ ಫ್ರಿಜ್ಜಿಗೆ ಸೇರಿಸಿ. ಆಳದ ಪಾತ್ರೆಯಲ್ಲಿ ನಡುಭಾಗ ಗಂಟೆಗಟ್ಟಲೆ ಆರುವುದಿಲ್ಲ. ಹಸಿ ಮಾಂಸ ಕೊಯ್ದ ಚಾಕುವಿನಲ್ಲೇ ಹಣ್ಣು ಹೆಚ್ಚುವವರಿಗೆ ಏನು ಹೇಳಲಿ!

ಅವತ್ತು ನಾನು ಒಂದು ಬಾಳೆಹಣ್ಣು ಸುಲಿದು ತಿಂದು ಎದ್ದು ಬಂದೆ. ನೆಂಟರಿಗೆ ಇನ್ನೂ ಸಿಟ್ಟಿದೆಯಂತೆ.

ಇತಿ,
ಅಡುಗೆ ಬಲ್ಲ ಒಬ್ಬ ಓದುಗಿ